ಹೆಸರು ಹೇಳದೇ ಹೊರಟ ಹಿರಿಯರಿಗೆ

ಬೈಕಿನ ಕ್ಲಚ್ ಕವರ್ ಮೇಲೆ ಕೈಯಿಂದಲೇ ಬಳ್ಳಿ ಕೆತ್ತಬೇಕು ಅಂತ ಕೂತಿದ್ದೆ. ಉಳಿಯ ಮೊನೆ ಮೂರು ಸಲ ಮುರಿಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನೀವು ಕೇಳಿದ್ದು ಒಂದೇ ಮಾತು: "ಕ್ರೋಮ್ ತೆಗೆಸಿದ್ದೀಯಾ?"

ತೆಗೆಸಿರಲಿಲ್ಲ. ಕವರ್ ಮೇಲಿನ ಹೊಳೆಯುವ ಕ್ರೋಮ್ ಪದರ ತೆಳುವಾದರೂ ಬಹಳ ಗಟ್ಟಿ, ಮೊನೆ ಉಳಿಯುವುದಿಲ್ಲ. ಕೆತ್ತಿದ ಮೇಲೆ ಬೇಕಾದರೆ ಮತ್ತೆ ಹಾಕಿಸಬಹುದು ಎಂದಿರಿ.

ತೆಗೆಸಿಕೊಂಡು ಬಂದ ದಿನವೂ ನೀವು ಸಿಕ್ಕಿದ್ದು ನನ್ನ ಪುಣ್ಯ. ಕ್ರೋಮ್ ಕೆಳಗಿನ ಅಲ್ಯೂಮಿನಿಯಂ ಮೆತ್ತಗೆ, ಉಳಿಗೆ ಅಂಟಿಕೊಳ್ಳುತ್ತದೆ ಅಲ್ವಾ? ಅದಕ್ಕೆ ಮೊನೆಯನ್ನು ಕನ್ನಡಿಯಂತೆ ಪಾಲಿಶ್ ಮಾಡಿ, ಹನಿ ಎಣ್ಣೆ ಮುಟ್ಟಿಸಿ ತೋರಿಸಿದಿರಿ. "ತಿರುವಿನಲ್ಲಿ ಕೈ ತಿರುಗಿಸಬೇಡ, ಕವರನ್ನೇ ತಿರುಗಿಸು" ಎಂದಿರಿ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಮಾತು ಅದು. ನನ್ನ ಗೆರೆಗಳು ಅವತ್ತೇ ನಯವಾದವು.

ಕೊನೆಗೆ ಉಳಿ ಜಾರಿ ಉದ್ದನೆಯ ಗೀರು ಬಿತ್ತು. ನನಗೆ ಅಳುವೇ ಬಂದಿತ್ತು. ನೀವು ಸುಮ್ನೆ ಉಳಿ ತೆಗೆದುಕೊಂಡು ಆ ಗೀರಿನ ಸುತ್ತ ಒಂದು ಎಲೆ ಬಿಡಿಸಿದಿರಿ. ಗೀರು ಎಲೆಯ ನರವಾಯಿತು. ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ.

ಕವರ್ ಈಗ ಬೈಕಿನಲ್ಲಿದೆ. ನೋಡಿದವರು ಮೊದಲು ಬೆರಳಾಡಿಸುವುದು ನಿಮ್ಮ ಎಲೆಯ ಮೇಲೆ. ತುಂಬಾ ತುಂಬಾ ಧನ್ಯವಾದ, ಸರ್.