ಬೇರಿಂಗ್ ಬದಲಿಸುವುದು ಸುಲಭ, ಆಕ್ಸಲ್ ಹೊರಗೆ ಬಂದರೆ

ಸಂಪಾದಕರೇ,

ಮೊನ್ನೆ ಭಾನುವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಬೈಕಿನ ವೀಲ್ ಬೇರಿಂಗನ್ನು (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ) ಮನೆಯಲ್ಲೇ ಬದಲಿಸುವುದು ಹೇಗೆ ಎಂಬ ಬರಹ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಬರಹ ಚೆನ್ನಾಗಿಯೇ ಇತ್ತು. ಆದರೆ 'ನಟ್ ಬಿಚ್ಚಿ, ಆಕ್ಸಲ್ ಹೊರಗೆ ಎಳೆಯಿರಿ' ಎಂದು, ಅಂದರೆ ಚಕ್ರದ ನಡುವೆ ತೂರಿ ಅದನ್ನು ಹಿಡಿದಿಡುವ ಸರಳನ್ನು ಎಳೆಯಿರಿ ಎಂದು, ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದಾರೆ. ಅರ್ಧ ಗಂಟೆ ಸಾಕು ಅಂತ ಬೇರೆ ಹೇಳಿದ್ದಾರೆ. ಆ ಒಂದು ಸಾಲಿಗೆ ಕಳೆದ ತಿಂಗಳು ನನಗೆ ಎರಡು ಸಂಜೆ, ಒಂದು ಭಾನುವಾರದ ಬೆಳಗ್ಗೆ ಮತ್ತು ಎಡಗೈ ಹೆಬ್ಬೆರಳಿನ ಉಗುರು ಖರ್ಚಾಗಿದೆ. ಬರೆದವರ ಊರಿನಲ್ಲಿ ಆಕ್ಸಲ್ ಹಾಗೆ ಸಲೀಸಾಗಿ ಬರುತ್ತದೋ ಏನೋ, ನಮ್ಮ ಕರಾವಳಿಯಲ್ಲಿ ಬರುವುದಿಲ್ಲ.

ನಾನು ಬೈಂದೂರು ಕಡೆಯವನು, ಕೆಲಸ ಕುಂದಾಪುರದಲ್ಲಿ. ದಿನಾ ಮರವಂತೆ ದಾಟಿಯೇ ಹೋಗಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ಹೆದ್ದಾರಿ. ನೋಡಲು ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ, ನಮ್ಮ ಬೈಕುಗಳು ಉಪ್ಪು ತಿನ್ನುತ್ತವೆ. ಮಳೆಗಾಲದಲ್ಲಿ ಅಲೆ ಕಲ್ಲಿಗೆ ಬಡಿದು ಹನಿ ರಸ್ತೆಗೇ ಹಾರುತ್ತದೆ. ಅದರ ಮೇಲೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಇಲ್ಲಿ ಕಬ್ಬಿಣ ಅಂದರೆ ತುಕ್ಕಿನ ಮೊದಲ ಹೆಸರು ಅಷ್ಟೇ.

ಶುರುವಾದದ್ದು ಸದ್ದಿನಿಂದ. ನಲವತ್ತು ದಾಟಿದರೆ ಹಿಂದಿನಿಂದ ಗುಂಯ್ ಅನ್ನುವ ಸದ್ದು. ಮೊದಲು ಟೈರಿನದ್ದು ಅಂದುಕೊಂಡೆ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಕಟ್ ಕಟ್ ಅಂತ ಆಟ ಇತ್ತು. ಹಿಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲಿನ, ಅಂದರೆ ಸ್ವಿಂಗ್ ಆರ್ಮಿನ, ಬುಷ್ ಹೋಗಿದ್ದರೂ ಹೀಗೇ ಆಗುತ್ತದೆ, ಅದಕ್ಕೆ ಒಬ್ಬರು ಸ್ವಿಂಗ್ ಆರ್ಮನ್ನು ಗಟ್ಟಿಯಾಗಿ ಹಿಡಿದುಕೊಂಡಾಗ ಇನ್ನೊಬ್ಬರು ಚಕ್ರ ಅಲ್ಲಾಡಿಸಿ ನೋಡಬೇಕು. ಮಗ ಹಿಡಿದ, ನಾನು ಅಲ್ಲಾಡಿಸಿದೆ. ಬೇರಿಂಗೇ.

ನಟ್ ಬಿಚ್ಚುವುದು ಕಷ್ಟ ಆಗಲಿಲ್ಲ. ಸ್ಪ್ಯಾನರಿಗೆ ಒಂದು ಮೊಳದ ಪೈಪ್ ತೂರಿಸಿ ತಿರುಗಿಸಿದೆ, ಬಂತು. ಆಹಾ ಎಂದುಕೊಂಡು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಅಲ್ಲಾಡಲಿಲ್ಲ. ಸ್ವಲ್ಪ ಜೋರಾಗಿ ತಟ್ಟಿದೆ. ಆಮೇಲೆ ಸಿಟ್ಟು ಬಂದು ಹೊಡೆದೆ. ಆಕ್ಸಲ್ ಒಂದು ಕೂದಲೂ ಸರಿಯಲಿಲ್ಲ, ಆದರೆ ಅದರ ತುದಿ ಮಾತ್ರ ಅಣಬೆ ಥರ ಅರಳಿಕೊಂಡಿತು. ಇದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. ನಟ್ಟನ್ನು ವಾಪಸ್ ನಾಲ್ಕು ಸುತ್ತು ಹಾಕಿ, ಅದರ ಮುಖ ಆಕ್ಸಲ್ ತುದಿಗೆ ಸಮ ಬರುವಂತೆ ಬಿಟ್ಟು, ಮೇಲೆ ಒಂದು ಮರದ ತುಂಡೋ ಹಿತ್ತಾಳೆ ತುಂಡೋ ಇಟ್ಟು ಹೊಡೆಯಬೇಕಿತ್ತು. ಹಾಗೆ ಮಾಡದೇ ತುದಿ ಅರಳಿಸಿಕೊಂಡರೆ ಮುಂದೆ ತುಕ್ಕು ಬಿಟ್ಟರೂ ಆ ಅಣಬೆ ಸ್ವಿಂಗ್ ಆರ್ಮಿನ ತೂತಿನೊಳಗೆ ಹೋಗುವುದಿಲ್ಲ. ನಾನು ಅರ ಹಿಡಿದು ಮುಕ್ಕಾಲು ಗಂಟೆ ಉಜ್ಜಿದೆ. ಮೊದಲ ಸಂಜೆ ಅಲ್ಲಿಗೆ ಮುಗಿಯಿತು.

ಎರಡನೇ ಸಂಜೆ ಪಕ್ಕದ ಮನೆಯ ಹಿರಿಯರು ಬಂದು ಬೇಲಿಯ ಆಚೆ ನಿಂತರು. ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿಕೊಂಡೇ ತಲೆ ಹಣ್ಣಾದವರು. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ, "ಹ್ವಾಯ್, ಹೊಡುದ್ ಬ್ಯಾಡ ಮಾರಾಯ್ರೆ, ತಿರ್ಗ್ಸಿ ಕಾಣಿ" ಅಂದರು.

ಇಡೀ ವಿಷಯ ಇರುವುದೇ ಆ ಮಾತಿನಲ್ಲಿ. ಆಕ್ಸಲ್‌ಗೂ ಅದು ತೂರಿ ಹೋಗುವ ಬ್ರೇಕ್ ಪ್ಲೇಟಿನ (ಬ್ರೇಕ್ ಶೂ ಕೂತಿರುವ ತಟ್ಟೆ) ತೂತು, ಬೇರಿಂಗಿನ ಒಳಸುತ್ತುಗಳಿಗೂ ಮಧ್ಯೆ ಇರುವ ಸಂದು ಕೂದಲೆಳೆಗಿಂತ ದೊಡ್ಡದಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತದೆ, ಆ ಜಾಗ ಅಲ್ಲಿ ಇಲ್ಲ. ಹಾಗಾಗಿ ತುಕ್ಕೇ ಬೆಣೆ ಆಗಿ ಕೂರುತ್ತದೆ. ಉದ್ದಕ್ಕೆ ಹೊಡೆದರೆ ಆ ಪುಡಿ ಇನ್ನಷ್ಟು ಒತ್ತಿಕೊಳ್ಳುತ್ತದೆ, ತಿರುಗಿಸಿದರೆ ಅರೆದು ಉದುರುತ್ತದೆ. ಆಕ್ಸಲಿನ ತಲೆಗೆ ರಿಂಗ್ ಸ್ಪ್ಯಾನರ್ ಹಾಕಿ, ಪೈಪ್ ತೂರಿಸಿ, ಒಂದು ಕೂದಲು ಆಚೆ, ಒಂದು ಕೂದಲು ಈಚೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎರಡೂ ಬದಿಯಿಂದ ಹೊಡೆದು, ಅದು ಖಾಲಿಯಾದ ಮೇಲೆ ಡೀಸೆಲ್ ಹನಿಸಿ ರಾತ್ರಿ ಹಾಗೇ ಬಿಟ್ಟೆವು. ಬೇರೆಯವರು ಮಾಡುವುದಾದರೆ ಒಂದು ಮಾತು ನೆನಪಿಡಿ, ಡ್ರಮ್ ಬ್ರೇಕಿನ ಕಡೆ ಎಣ್ಣೆ ಜಾಸ್ತಿ ಹನಿಸಬೇಡಿ. ಬ್ರೇಕ್ ಶೂ ಎಣ್ಣೆ ಕುಡಿದರೆ ಮುಗಿಯಿತು, ಎಷ್ಟು ಉಜ್ಜಿದರೂ ಮೊದಲಿನಂತೆ ಹಿಡಿಯುವುದಿಲ್ಲ. ನನ್ನದು ಕುಡಿಯಿತು, ಹೊಸ ಶೂ ಹಾಕಿದೆ.

ಭಾನುವಾರ ಬೆಳಗ್ಗೆ ಪೈಪಿಗೆ ಮೈಭಾರ ಹಾಕಿದಾಗ ಕರ್ರ್ ಅಂತ ಒಂದು ಸದ್ದು ಬಂತು. ಹಳೇ ಮನೆಯ ಹೆಬ್ಬಾಗಿಲು ತೆರೆದ ಹಾಗೆ. ಅರ್ಧ ಇಂಚು ತಿರುಗಿತು, ವಾಪಸ್ ತಿರುಗಿಸಿದೆ, ಮತ್ತೆ ಎಣ್ಣೆ, ಮತ್ತೆ ಆಚೆ ಈಚೆ. ಹತ್ತು ನಿಮಿಷದಲ್ಲಿ ಪೂರ್ತಿ ಸುತ್ತು ತಿರುಗಿತು. ಆದರೂ ಹೊರಗೆ ಬರಲಿಲ್ಲ! ಹಿರಿಯರು ನಕ್ಕರು. ಆಕ್ಸಲ್ ತಿರುಗುವುದೇ ಇಲ್ಲ ಅಂದರೆ ಅದು ಸ್ವಿಂಗ್ ಆರ್ಮಿನಲ್ಲೋ ಬ್ರೇಕ್ ಪ್ಲೇಟಿನಲ್ಲೋ ಕಚ್ಚಿಕೊಂಡಿದೆ ಅಂತ ಅರ್ಥ. ತಿರುಗುತ್ತದೆ ಆದರೆ ಸರಿಯುವುದಿಲ್ಲ ಅಂದರೆ ಬೇರಿಂಗಿನ ಒಳಸುತ್ತನ್ನೂ ಎರಡು ಬೇರಿಂಗುಗಳ ಮಧ್ಯೆ ಅಂತರ ಕಾಯುವ ಸ್ಪೇಸರ್ ಕೊಳವೆಯನ್ನೂ ಜೊತೆಗೇ ಕಟ್ಟಿಕೊಂಡು ತಿರುಗುತ್ತಿದೆ. ನನ್ನದಕ್ಕೆ ಎರಡೂ ಕಾಯಿಲೆ ಇತ್ತು. ಈಗ ಹೊಡೆಯಬಹುದು ಅಂದರು.

ಹೊಡೆಯುವುದರಲ್ಲೂ ಒಂದು ಕ್ರಮ ಇದೆ. ಸಣ್ಣ ಸುತ್ತಿಗೆಯಲ್ಲಿ ನೂರು ಏಟು ಹಾಕಿದರೆ ತುದಿ ಹಾಳಾಗುತ್ತದೆಯೇ ಹೊರತು ಏಟು ಒಳಗೆ ಹೋಗುವುದಿಲ್ಲ. ದೊಡ್ಡ ಸುತ್ತಿಗೆ ಬೇಕು, ಏಟು ನೇರ ಬೀಳಬೇಕು, ಮೂರು ನಾಲ್ಕು ಸಾಕು. ಇನ್ನೊಂದು, ಸ್ವಿಂಗ್ ಆರ್ಮ್ ಸ್ಪ್ರಿಂಗಿನ ಹಾಗೆ ಬಾಗಿ ಏಟನ್ನೆಲ್ಲ ತಾನೇ ನುಂಗುತ್ತದೆ. ಅದಕ್ಕೆ ಹೊಡೆಯುವ ಬದಿಯ ಎದುರು ಬದಿಯಲ್ಲಿ ಸ್ವಿಂಗ್ ಆರ್ಮಿಗೂ ಕಾಂಪೌಂಡ್ ಗೋಡೆಗೂ ಮಧ್ಯೆ ಹಲಸಿನ ಮರದ ಕೊರಡು ಕೊಟ್ಟೆವು, ಆಕ್ಸಲ್ ಹೊರಬರಲು ಜಾಗ ಬಿಟ್ಟು. ಬೈಕನ್ನು ಹಗ್ಗದಲ್ಲಿ ಕಟ್ಟಿದೆವು, ಅಡ್ಡಕ್ಕೆ ಹೊಡೆಯುವಾಗ ಸೆಂಟರ್ ಸ್ಟ್ಯಾಂಡಿನಿಂದ ಬೈಕ್ ಮಗುಚುತ್ತದೆ. ಕಣ್ಣಿಗೆ ಕನ್ನಡಕ. ಮೂರನೇ ಏಟಿಗೆ ಸದ್ದು ಬದಲಾಯಿತು. ಟಣ್ ಅನ್ನುತ್ತಿದ್ದದ್ದು ಟಪ್ ಅಂದಿತು, ಈ ಸಲ ಮರೆಯದೆ ವಾಪಸ್ ಹಾಕಿದ್ದ ನಟ್ ಹೋಗಿ ಚೈನ್ ಅಡ್ಜಸ್ಟರಿಗೆ ತಾಗಿತು. ಅಲ್ಲಿಂದ ನಟ್ ತೆಗೆದು, ಮನೆ ಕಟ್ಟಿದಾಗ ಉಳಿದಿದ್ದ 10 ಎಂಎಂ ಸರಳಿನ ತುಂಡು ಇಟ್ಟು ಹೊಡೆದು ಹೊರಗೆ ಕಳಿಸಿದೆವು. ಉಗುರು ಹೋದದ್ದು ಇಲ್ಲೇ, ಸರಳು ಹಿಡಿದವನು ನಾನು, ಹೊಡೆದವನು ಮಗ.

ಹೊರಗೆ ಬಂದ ಆಕ್ಸಲ್ ನೋಡಬೇಕಿತ್ತು ನೀವು. ಬೇರಿಂಗ್ ಕೂತಿದ್ದ ಎರಡು ಜಾಗದಲ್ಲಿ ಬಳೆ ತೊಡಿಸಿದ ಹಾಗೆ ಕಾವಿ ಬಣ್ಣದ ತುಕ್ಕು, ಉಗುರಿನಲ್ಲಿ ಕೆರೆದರೆ ಒಳಗೆ ಸಿಡುಬಿನ ಕಲೆಯಂಥ ಗುಳಿಗಳು. ಮಧ್ಯದ ಭಾಗ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಇಡೀ ಉದ್ದದಲ್ಲಿ ಗ್ರೀಸಿನ ಒಂದು ಕಲೆಯೂ ಇಲ್ಲ. ಮೂರು ವರ್ಷದ ಹಿಂದೆ ಒಂದು ಸರ್ವೀಸ್ ಸೆಂಟರಿನಲ್ಲಿ ಹಿಂದಿನ ಟೈರ್ ಹಾಕಿಸಿದ್ದೆ. ಆವತ್ತು ಆಕ್ಸಲನ್ನು ಒಣಗಿದ್ದ ಹಾಗೇ ತೂರಿಸಿ ನಟ್ ಬಿಗಿದಿದ್ದಾರೆ, ಬೇರೆ ಇನ್ನೇನೂ ಅಲ್ಲ. ಬಿಲ್ ಇನ್ನೂ ನನ್ನ ಹತ್ತಿರ ಇದೆ. ಚೈನ್ ಲೂಬ್ ಅಂತ ದುಡ್ಡು ಹಾಕಿದ್ದಾರೆ, ಪಾಲಿಶ್ ಅಂತ ಹಾಕಿದ್ದಾರೆ. ನಾನು ಕೇಳದ ಪಾಲಿಶ್. ಒಂದು ಚಿಟಿಕೆ ಗ್ರೀಸಿಗೆ ಎಷ್ಟು ಹಾಕಿದ್ದರೂ ಕೊಡುತ್ತಿದ್ದೆ.

ಬೇರಿಂಗ್ ವಿಷಯ ನಿಮ್ಮ ಬರಹದಲ್ಲಿ ಸರಿಯಾಗಿಯೇ ಇದೆ, ಎರಡು ಮಾತು ಸೇರಿಸುತ್ತೇನೆ. ಅಂಗಡಿಗೆ ಹೋಗುವಾಗ ಹಳೇ ಬೇರಿಂಗಿನ ಮೇಲಿನ ನಂಬರ್ ನೋಡಿಕೊಂಡು ಹೋಗಿ. ನನ್ನದು 6301. ಕೊನೆಯ ಎರಡು ಅಂಕಿ ಒಳತೂತಿನ ಗುರುತು. 00 ಅಂದರೆ 10 ಎಂಎಂ, 01 ಅಂದರೆ 12, 02 ಅಂದರೆ 15, 03 ಅಂದರೆ 17. ಅಲ್ಲಿಂದ ಮುಂದೆ, ಅಂದರೆ 04 ಮತ್ತು ಅದರ ಮೇಲಿನದಕ್ಕೆ, ಆ ಅಂಕಿಯನ್ನು ಐದರಿಂದ ಗುಣಿಸಿದರೆ ಆಯಿತು. ಮುಂದೆ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ ಇರುತ್ತದೆ, ನಮ್ಮ ಕಡೆಗೆ ಅದೇ ಬೇಕು. ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಅಲ್ಯೂಮಿನಿಯಂ ಆಗಿದ್ದರೆ ಒಂದು ಚೆಂಬು ಕುದಿಯುವ ನೀರು ಹೊಯ್ದರೆ ಸಾಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬೇರಿಂಗ್ ಸಲೀಸಾಗಿ ಬಿಡುತ್ತದೆ. ಹೊಸದು ಕೂರಿಸುವ ಮುಂಚೆ ನೀರೆಲ್ಲ ಒರೆಸಿ ಒಣಗಿಸಬೇಕು. ಗ್ಯಾಸ್ ಬೆಂಕಿ ಹಿಡಿಯುವವರನ್ನು ನೋಡಿದ್ದೇನೆ. ಪಕ್ಕದಲ್ಲೇ ಟೈರು, ಗ್ರೀಸು, ಈಗ ತಾನೇ ಹನಿಸಿದ ಡೀಸೆಲು! ಬೇಡ.

ಹೊಸ ಬೇರಿಂಗ್ ಕೂರಿಸುವಾಗ ಹೊರಸುತ್ತಿನ ಮೇಲೆ ಮಾತ್ರ ಏಟು ಬೀಳಬೇಕು, ಹಳೇ ಬೇರಿಂಗನ್ನೇ ಮೇಲಿಟ್ಟು ಹೊಡೆದರೆ ಸರಿ ಹೋಗುತ್ತದೆ. ಮಧ್ಯದ ಸ್ಪೇಸರ್ ಮರೆತಿರೋ, ನಟ್ ಬಿಗಿದ ತಕ್ಷಣ ಎರಡೂ ಹೊಸ ಬೇರಿಂಗ್ ಅಡ್ಡಕ್ಕೆ ಒತ್ತಿ ಹಾಳು. ಆಕ್ಸಲ್ ಹೊಸದೇ ತಂದೆ. ಹಳೆಯದರ ಥ್ರೆಡ್ ಹೋಗಿತ್ತು, ಗುಳಿಗಳೂ ಇದ್ದವಲ್ಲ. ಬಾಗಿದೆಯೋ ಇಲ್ಲವೋ ನೋಡಲು ಹಳೆಯದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಉರುಳಿಸಿ ಬೈಸಿಕೊಂಡೆ, ಅದು ಬೇರೆ ಕಥೆ.

ಈಗ ನಾನು ಹೇಳಲು ಹೊರಟ ಮಾತಿಗೆ ಬರುತ್ತೇನೆ. ಈ ತೊಂದರೆ ಮೊದಲಿಗಿಂತ ಈಗ ಜಾಸ್ತಿ, ಅದಕ್ಕೆ ಟ್ಯೂಬ್‌ಲೆಸ್ ಟೈರೂ ಒಂದು ಕಾರಣ. ತಮಾಷೆಯಲ್ಲ. ಟ್ಯೂಬ್ ಇದ್ದ ಕಾಲದಲ್ಲಿ ಪಂಕ್ಚರ್ ಆದರೆ ಎಷ್ಟೋ ಸಲ ಚಕ್ರ ಬಿಚ್ಚುತ್ತಿದ್ದರು, ಆಕ್ಸಲ್ ವರ್ಷಕ್ಕೆ ಒಂದೆರಡು ಸಲ ಹೊರಗೆ ಬಂದು ಗಾಳಿ ಕಾಣುತ್ತಿತ್ತು. ಈಗ ಚಕ್ರ ಅಲ್ಲೇ ಇಟ್ಟು ಮೊಳೆ ಕಿತ್ತು ಬತ್ತಿ ತುರುಕಿ ಕಳಿಸುತ್ತಾರೆ. ನಮಗೂ ಖುಷಿ. ಆಕ್ಸಲ್ ಮಾತ್ರ ಟೈರ್ ಸವೆಯುವವರೆಗೆ ಮೂರು ನಾಲ್ಕು ವರ್ಷ ಅಲ್ಲೇ ಕೂತಿರುತ್ತದೆ. ಮೇಲಿಂದ ವಾಟರ್ ಸರ್ವೀಸಿನವರು ಹಬ್ಬಿಗೇ ನೇರ ಗುರಿ ಇಟ್ಟು ಪ್ರೆಶರ್ ನೀರು ಹೊಡೆಯುತ್ತಾರೆ. ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ, ಹೊರಗೆ ಬರಲು ಅದಕ್ಕೆ ದಾರಿ ಇಲ್ಲ.

ಹಾಗಾಗಿ ಮುಂದಿನ ಸಲ ಮಳೆಗಾಲದ ಬೈಕ್ ಜೋಪಾನ ಅಂತ ಪುಟ ಮಾಡುವಾಗ ಚೈನು, ಸೀಟು ಕವರಿನ ಜೊತೆ ಇದನ್ನೂ ಹಾಕಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಎರಡೂ ಆಕ್ಸಲ್ ಹೊರಗೆ ಎಳೆದು ಒರೆಸಿ, ತೆಳ್ಳಗೆ ಗ್ರೀಸ್ ಸವರಿ ವಾಪಸ್ ಹಾಕುವುದು. ತೆಳ್ಳಗೆ ಅಂದರೆ ಬೆರಳಿಗೆ ಹತ್ತಿದಷ್ಟು, ದೋಸೆಗೆ ಬೆಣ್ಣೆ ಹಾಕಿದ ಹಾಗಲ್ಲ, ಜಾಸ್ತಿಯಾದರೆ ಅದು ಬ್ರೇಕಿಗೆ ಹೋಗುತ್ತದೆ. ನೀವೇ ಮಾಡದಿದ್ದರೆ ಟೈರ್ ಬದಲಿಸುವ ದಿನ ಪಕ್ಕದಲ್ಲೇ ನಿಂತು, ಅಣ್ಣಾ, ಆಕ್ಸಲಿಗೆ ಸ್ವಲ್ಪ ಗ್ರೀಸ್ ಹಚ್ಚಿ ಅಂತ ಕೇಳಿ. ನಮ್ಮೂರಿನ ಪಂಕ್ಚರ್ ಅಂಗಡಿಯವರನ್ನು ಕೇಳಿದೆ, ಒಂದು ಪೈಸೆ ತೆಗೆದುಕೊಳ್ಳಲಿಲ್ಲ, ಯಾರೂ ಕೇಳುವುದೇ ಇಲ್ಲ ಅಂದರು. ಸರ್ವೀಸ್ ಸೆಂಟರಿನವರೂ ಇದನ್ನು ಜಾಬ್ ಕಾರ್ಡಿನಲ್ಲಿ ಒಂದು ಸಾಲು ಮಾಡಿ ಹಾಕಲಿ, ಪಾಲಿಶ್ ಹಾಕುವ ಜಾಗ ಇದೆ, ಇದಕ್ಕೆ ಇಲ್ಲ ಅಂದರೆ ಹೇಗೆ?

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ಉಗುರಿನ ವಿಷಯ ಕತ್ತರಿಸಿ, ತಿರುಗಿಸುವ ವಿಷಯ ಬಿಡಿ. ನಿಮ್ಮ ಬರಹ ಓದಿದ ನನ್ನ ಭಾವ ಅರ್ಧ ಗಂಟೆಯ ಕೆಲಸ ಅಂತ ಮೊನ್ನೆಯೇ ಅವರ ಬೈಕಿನ ನಟ್ ಬಿಚ್ಚಿ ಕೂತಿದ್ದಾರೆ. ಈಗ ಫೋನ್ ಬಂತು. ದೊಡ್ಡ ಸುತ್ತಿಗೆ ಕೇಳುತ್ತಿದ್ದಾರೆ. ಪೈಪ್ ತೆಗೆದುಕೊಂಡು ಹೊರಟಿದ್ದೇನೆ.

ಇತಿ,
ನಿಮ್ಮ ಓದುಗ
ಬೈಂದೂರು ತಾಲೂಕು