ಲೈಫ್ ಕೋಚ್‌ಗೆ ದುಡ್ಡು ಕಟ್ಟುವ ಮೊದಲು

ಸಂಪಾದಕರಿಗೆ ನಮಸ್ಕಾರ,

ಮೊಬೈಲ್ ತೆಗೆದರೆ ಸಾಕು, ಲೈಫ್ ಕೋಚ್‌ಗಳ ಜಾಹೀರಾತು. ಫೀಸು ತೆಗೆದುಕೊಂಡು, ಮಾತುಕತೆಯಿಂದಲೇ ನಿಮ್ಮ ಗುರಿ, ತೀರ್ಮಾನಗಳಿಗೆ ದಾರಿ ಮಾಡಿಕೊಡುತ್ತೇವೆ ಅನ್ನುವವರು ಇವರು. ಬೆಂಗಳೂರಿನ ಐಟಿಯವರಷ್ಟೇ ಅಲ್ಲ, ನಮ್ಮ ದಾವಣಗೆರೆಯಲ್ಲೂ ಆಗತಾನೇ ಡಿಗ್ರಿ ಮುಗಿಸಿದ ಹುಡುಗರು, ಮನೆಯಲ್ಲಿರುವ ಹೆಣ್ಣುಮಕ್ಕಳು, ಅಂಗಡಿ ಇಟ್ಟವರು ಇದಕ್ಕೆ ದುಡ್ಡು ಸುರಿಯುತ್ತಿದ್ದಾರೆ. ಕಟ್ಟಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಇದು ಯಾರಿಗೆ ಉಪಯೋಗ, ಯಾರಿಗಲ್ಲ ಅನ್ನುವುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ, ಅದಕ್ಕೇ ಈ ಪತ್ರ.

ಉಪಯೋಗವಾದದ್ದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಓಣಿಯ ಒಬ್ಬರು ಮಕ್ಕಳಾದ ಮೇಲೆ ಅಕೌಂಟ್ಸ್ ಕೆಲಸ ಬಿಟ್ಟಿದ್ದರು. ಮತ್ತೆ ಕೆಲಸಕ್ಕೆ ಹೋಗುವುದೋ, ಮನೆಯಲ್ಲೇ ಟ್ಯಾಲಿ ಹೇಳಿಕೊಡುವುದೋ ಅಂತ ವರ್ಷಗಟ್ಟಲೆ ಯೋಚನೆ ಮಾಡುತ್ತಲೇ ಇದ್ದರು. ಅವರ ಕೋಚ್ ಹೀಗೆ ಮಾಡಿ ಅಂತ ಒಂದು ಸಲವೂ ಹೇಳಲಿಲ್ಲವಂತೆ. ಬರೀ ಕೇಳುತ್ತಿದ್ದರಂತೆ. "ಅತ್ತೆ ಬೇಡ ಅಂತಾರೆ ಅಂತೀರಲ್ಲ, ಅವರನ್ನ ಕೇಳಿದೀರಾ?" ಕೇಳಿಯೇ ಇರಲಿಲ್ಲ! ಆ ವಾರದ ಹೋಂವರ್ಕ್ ಅದೇ ಆಯಿತು. "ಸಂಜೆ ಐದರೊಳಗೆ ಮನೆಗೆ ಬರೋ ಹಾಗಿದ್ರೆ ಹೋಗು" ಅಂದರು ಅತ್ತೆ. ಈಗ ಒಬ್ಬ ಆಡಿಟರ್ ಆಫೀಸಿಗೆ ಹೋಗುತ್ತಿದ್ದಾರೆ. ಇದನ್ನು ಅಕ್ಕನೋ ಗೆಳತಿಯೋ ಕೇಳಬಹುದಿತ್ತಲ್ಲ ಅನ್ನಬಹುದು. ಆದರೆ ನಮ್ಮವರು ಪ್ರಶ್ನೆ ಕೇಳುವುದು ಕಡಿಮೆ, ಬುದ್ಧಿ ಹೇಳುವುದು ಜಾಸ್ತಿ. ನಮ್ಮ ತೀರ್ಮಾನದಿಂದ ಅವರಿಗೂ ಲಾಭನಷ್ಟ ಇರುತ್ತದೆ. ಹೊರಗಿನವರಿಗೆ ಅದಿರುವುದಿಲ್ಲ.

ನನ್ನ ತಂಗಿಯ ಮಗನ ವಿಷಯ ಬೇರೆ. ಕೆಲಸ ಹೋಗಿತ್ತು, ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ, ಯಾರ ಫೋನೂ ಎತ್ತುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಲೈಫ್ ಕೋಚ್ ನಡೆಸುವ 99 ರೂಪಾಯಿಯ ಭಾನುವಾರದ ವೆಬಿನಾರ್‌ಗೆ (ಆನ್‌ಲೈನ್ ತರಗತಿಗೆ) ಸೇರಿದ. ಕೊನೆಯಲ್ಲಿ ಪರದೆ ಮೇಲೆ ಗಡಿಯಾರ ಓಡತೊಡಗಿತು: ಹತ್ತು ನಿಮಿಷದೊಳಗೆ ಕಟ್ಟಿದರೆ 60 ಸಾವಿರದ ಕೋರ್ಸು 25 ಸಾವಿರಕ್ಕೆ. ಕ್ರೆಡಿಟ್ ಕಾರ್ಡಿನಲ್ಲಿ ಇಎಂಐ ಮಾಡಿಸಿ ಕಟ್ಟಿಬಿಟ್ಟ. ನಿದ್ದೆ ಬರುತ್ತಿಲ್ಲ ಅಂದರೆ, ಅದು ನಿನ್ನ ಮೈಂಡ್‌ಸೆಟ್ ಸಮಸ್ಯೆ, ಬೆಳಗ್ಗೆ ಐದಕ್ಕೆ ಏಳು ಅಂದರು ಆ ಕೋಚ್. ಏಳಲಾಗದ ದಿನವೆಲ್ಲ ತಪ್ಪು ತನ್ನದೇ ಅಂತ ಇನ್ನಷ್ಟು ಕುಸಿದ. ಆಮೇಲೆ ಮನೋವೈದ್ಯರಿಗೆ ತೋರಿಸಿದಾಗ ಗೊತ್ತಾಯಿತು, ಖಿನ್ನತೆ. ಅವನಿಗೆ ಆಗ ಬೇಕಿದ್ದದ್ದು ಚಿಕಿತ್ಸೆ, ಗುರಿ ಅಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಏನು ಬದಲಾಗಬೇಕು ಅಂತ ಒಂದು ವಾಕ್ಯದಲ್ಲಿ ಹೇಳಬಲ್ಲಿರಾ? ಅದು ನಿಮ್ಮ ಕೈಯಲ್ಲಿದೆಯಾ? ಎರಡಕ್ಕೂ ಹೌದು ಅಂದರೆ ಕೋಚ್ ಜೊತೆ ಕೂತು ಮಾತಾಡುವುದರಲ್ಲಿ ಅರ್ಥವಿದೆ. ಎರಡು ವಾರ ಮೇಲ್ಪಟ್ಟು ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಸುಮ್ನೆ ಅಳು ಬರುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಸಾಲಗಾರರು ಬಾಗಿಲಿಗೆ ಬರುತ್ತಿದ್ದರೆ, ಕಂಪನಿ ಸಂಬಳ ಕೊಡದಿದ್ದರೆ, ಗಂಡ ಹೊಡೆಯುತ್ತಿದ್ದರೆ ಅದು ನಿಮ್ಮ ಯೋಚನೆಯ ತಪ್ಪಲ್ಲ, ಕೋಚ್ ಅದನ್ನು ಸರಿಮಾಡಲಾರರು. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಕೋಚ್‌ಗಳಿಗೂ ಪ್ರಶ್ನೆ ಹಾಕಿ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ತೊಂದರೆಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞ) ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಲೈಫ್ ಕೋಚ್ ಅಂತ ಬೋರ್ಡ್ ಹಾಕಲು ಅಂಥದ್ದೇನೂ ಬೇಡ, ಇವತ್ತು ಮನಸ್ಸಾದರೆ ನಾಳೆ ಹಾಕಬಹುದು. 1995ರಲ್ಲಿ ಅಮೆರಿಕದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಸರ್ಟಿಫಿಕೇಟ್ ಕೊಡುತ್ತದೆ. ಅದರ ಮೊದಲ ಹಂತಕ್ಕೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಇರಬೇಕು. ಸರ್ಟಿಫಿಕೇಟ್ ಇದ್ದವರೆಲ್ಲ ಒಳ್ಳೆಯವರು ಅಂತಲ್ಲ, ಆದರೆ ಎಲ್ಲಿ ಕಲಿತಿರಿ ಅಂತ ಕೇಳಿದಾಗ ಮುಖ ಗಂಟು ಹಾಕುವವರನ್ನು ಬಿಟ್ಟುಬಿಡಿ. ಒಟ್ಟು ಫೀಸು ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಅಂತ ಬರೆದುಕೊಡಲು ಹೇಳಿ. ನೀವು ಯಾರನ್ನಾದರೂ ಡಾಕ್ಟರ್ ಹತ್ತಿರ ಕಳಿಸಿದ್ದೀರಾ ಅಂತಲೂ ಕೇಳಿ, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಗಡಿಯಾರ ಓಡಿಸಿ ಅವಸರ ಮಾಡುವವರಿಗೆ ಒಂದು ಪೈಸೆಯೂ ಕೊಡಬೇಡಿ. ಕೊಟ್ಟು ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಪತ್ರಿಕೆಗೂ ಒಂದು ಮನವಿ. ಪುರವಣಿಯಲ್ಲಿ ಕೋಚ್‌ಗಳ ಅಂಕಣ, ಸಂದರ್ಶನ ಹಾಕುವಾಗ ಅವರು ಎಲ್ಲಿ, ಏನು ಕಲಿತಿದ್ದಾರೆ ಅನ್ನುವುದನ್ನು ಹೆಸರಿನ ಪಕ್ಕದಲ್ಲೇ ಹಾಕಿ. ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ. ಅದು ಸರ್ಕಾರದ್ದು, ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ತಂಗಿಯ ಮನೆಯಲ್ಲಿ ಆಗ ಯಾರಿಗೂ ಈ ನಂಬರ್ ಗೊತ್ತಿರಲಿಲ್ಲ.

— ಓದುಗಿ, ದಾವಣಗೆರೆ