ಈ ಭಾನುವಾರದ ಹರಟೆ: ನೆಲ್ಸನ್ ಅಗಲೋರ್

ಎಲ್ಲರಿಗೂ ನಮಸ್ಕಾರ. ಈ ವಾರ ಅಮೆರಿಕನ್ ಫುಟ್‌ಬಾಲ್ ತಂಡ ಫಿಲಡೆಲ್ಫಿಯಾ ಈಗಲ್ಸ್‌ನ ಹಳೇ ರಿಸೀವರ್ (ಎಸೆದ ಚೆಂಡನ್ನು ಹಿಡಿದು ಓಡುವ ಆಟಗಾರ) ಅಗಲೋರ್ ಬಗ್ಗೆ ಮಾತಾಡೋಣ. ಒಂದು ಕ್ಯಾಚ್ ಬಿಟ್ಟರೆ ಸಾಕು, "ಇವನನ್ನು ಸಾಗಹಾಕಿ" ಅನ್ನುವವರು ತಪ್ಪದೇ ಬನ್ನಿ.

2015ರಲ್ಲಿ ಡ್ರಾಫ್ಟ್‌ನ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ಮೊದಲ ಸುತ್ತಿನಲ್ಲೇ ಆಯ್ಕೆಯಾದ ಹುಡುಗ. 2016ರ ನವೆಂಬರ್‌ನಲ್ಲಿ ಸಿಯಾಟಲ್ ತಂಡದ ವಿರುದ್ಧ ಇವನ ಜೊತೆಗಾರ ಜಾಕ್ ಅರ್ಟ್ಜ್ 57 ಗಜದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಮಾಡಿದ. ಆದರೆ ಅಗಲೋರ್ ನಿಲ್ಲಬೇಕಾದ ಕಡೆ ನಿಂತಿರಲಿಲ್ಲ, ಟಚ್‌ಡೌನ್ ರದ್ದಾಯಿತು. ಆಮೇಲೆ ಅಗಲೋರ್ ಕೈಗೆ ಬಂದ ಚೆಂಡನ್ನೂ ಬಿಟ್ಟ. ತಲೆ ತುಂಬಾ ಯೋಚನೆ ಅಂತ ಅವನೇ ಒಪ್ಪಿಕೊಂಡ. ಮುಂದಿನ ಪಂದ್ಯಕ್ಕೆ ಕೋಚ್ ಡಗ್ ಪೀಡರ್ಸನ್ ಅವನನ್ನು ಹೊರಗೆ ಕೂರಿಸಿದರು. ಆ ಸೀಸನ್‌ಗೆ ಚೆಂಡು ಹಿಡಿದು ಗಳಿಸಿದ್ದು ಒಟ್ಟು 365 ಗಜ, ಅಷ್ಟೇ.

2017ರಲ್ಲಿ ಇನ್ನೊಬ್ಬ ರಿಸೀವರ್ ಜಾರ್ಡನ್ ಮ್ಯಾಥ್ಯೂಸ್‌ನನ್ನು ಬಫಲೋ ತಂಡಕ್ಕೆ ಕಳಿಸಿ, ಇವನನ್ನು ಮೈದಾನದ ಅಂಚಿನಿಂದ ಸ್ಲಾಟ್‌ಗೆ (ಅಂಚಿಗಿಂತ ಒಳಗಿನ ಜಾಗ) ತಂದರು. 768 ಗಜ, 8 ಟಚ್‌ಡೌನ್! ಸೂಪರ್ ಬೌಲ್‌ನಲ್ಲಿ (ಸೀಸನ್‌ನ ಫೈನಲ್) 9 ಕ್ಯಾಚ್, ಕಪ್ಪೂ ಬಂತು. ಸರಿಹೋಗಿದ್ದು ಮನಸ್ಸೋ, ಜಾಗವೋ? ನನ್ನ ಪ್ರಕಾರ ಜಾಗದ ಪಾಲೇ ಜಾಸ್ತಿ. ಸ್ಲಾಟ್‌ನಲ್ಲಿ ಎರಡೂ ಕಡೆ ತಿರುಗೋಕೆ ದಾರಿ ಇರುತ್ತೆ, ಆಟ ಶುರುವಾಗುವ ಗೆರೆಯಲ್ಲೇ ಮೈಮೇಲೆ ಬೀಳುವ ಡಿಫೆಂಡರ್ ಕಾಟ ಕಡಿಮೆ. (2019ರಲ್ಲಿ ಮತ್ತೆ ಚೆಂಡು ಬಿಟ್ಟಿದ್ದು ನೆನಪಿದೆ, ಅದಕ್ಕೆ ಭಾನುವಾರ ಜಗಳ ಆಡೋಣ.)

ಬರುವ ಮುಂಚೆ ಸಿಯಾಟಲ್ ಪಂದ್ಯದ ಹೈಲೈಟ್ಸ್ ನೋಡಿ. ಮೀಮ್ ಮಾತ್ರ ಇಲ್ಲಿ ಹಾಕಬೇಡಿ.